ಸಂಖ್ಯೆಯಿಂದ ಬೆಳಕಿನವರೆಗೆ: ದೃಷ್ಟಿ ಪ್ರಯೋಗಗಳಿಗೆ ಪರದೆ ಅಣಿಮಾಡುವುದು

(ದೃಷ್ಟಿವಿಜ್ಞಾನದ ಪ್ರಯೋಗಶಾಲೆ ಕಟ್ಟುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಪ್ರೋಗ್ರಾಂನಲ್ಲಿ ನೀವು 128 ಎಂದು ಬರೆಯುತ್ತೀರಿ. 0 ಎಂದರೆ ಕಪ್ಪು, 255 ಎಂದರೆ ಬಿಳಿ, ಹಾಗಾಗಿ 128 ಎಂದರೆ ಸರಿಯಾಗಿ ನಡುವಿನ ಬೂದು ಎಂದುಕೊಳ್ಳುತ್ತೀರಿ. ಗಾಮಾ (ಬರೆದ ಸಂಖ್ಯೆಗೂ ಹೊರಬರುವ ಬೆಳಕಿಗೂ ಇರುವ ಸಂಬಂಧದ ಘಾತ) 2.2 ಇರುವ ಮಾಮೂಲಿ ಮಾನಿಟರಿನ ಮುಂದೆ ಬೆಳಕಿನ ಮಾಪಕ ಹಿಡಿದು ನೋಡಿ: ಬಿಳಿಯ ಬೆಳಕಿನ ಶೇ. 22ರಷ್ಟು ಮಾತ್ರ ಬರುತ್ತಿರುತ್ತದೆ. ಅರ್ಧ ಬೆಳಕು ಬೇಕಿದ್ದರೆ ಬರೆಯಬೇಕಾದದ್ದು 186. ಮನೆಯಲ್ಲಿ ಫೋಟೋ ನೋಡುವವರಿಗೆ ಇದರಿಂದ ಏನೂ ಕೆಡುವುದಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಪರದೆಯೂ ಒಂದು ಅಳತೆಯ ಉಪಕರಣ. ತಕ್ಕಡಿಯ ಮುಳ್ಳು ತಪ್ಪಾಗಿದ್ದರೆ ತೂಗಿದ್ದೆಲ್ಲವೂ ತಪ್ಪು.

ಆ 128 ಕಣ್ಣು ಮುಟ್ಟುವವರೆಗೆ ಪ್ರೋಗ್ರಾಂ, ಆಪರೇಟಿಂಗ್ ಸಿಸ್ಟಂ, ಗ್ರಾಫಿಕ್ಸ್ ಕಾರ್ಡ್, ಕೇಬಲ್, ಪ್ಯಾನೆಲ್, ಕೊನೆಗೆ ಕೋಣೆಯ ಗಾಳಿ, ಇಷ್ಟನ್ನೂ ದಾಟಬೇಕು. ಪ್ರತಿ ಹಂತದಲ್ಲೂ ಚಿತ್ರವನ್ನು ಇನ್ನಷ್ಟು ಚೆಂದ ಮಾಡಲು ಏನಾದರೊಂದು ಕೈ ಹಾಕುತ್ತದೆ. ವಿಶೇಷ ಡಿಸ್‌ಪ್ಲೇ ಉಪಕರಣ ಅಣಿಮಾಡುವುದೆಂದರೆ ಬಹುಪಾಲು ಆ ಕೈಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವ ಕೆಲಸ. ತೆಗೆದಾಯಿತು ಎಂಬುದಕ್ಕೆ ಸೆಟ್ಟಿಂಗ್ಸ್ ಪುಟದ ಮಾತು ಸಾಕ್ಷಿಯಾಗುವುದಿಲ್ಲ, ಪರದೆಯ ಮುಂದೆ ಅಳೆದ ಬೆಳಕೇ ಸಾಕ್ಷಿ.

8 ಬಿಟ್ ಏಕೆ ಸಾಲದು

ಮೊದಲು ಲೆಕ್ಕ ನೋಡೋಣ. ಗಾಮಾ 2.2ರ 8 ಬಿಟ್ (0ಯಿಂದ 255ರವರೆಗೆ 256 ಮೆಟ್ಟಿಲಿನ) ಪರದೆಯಲ್ಲಿ ಅರ್ಧ ಬೆಳಕಿನ ಮಟ್ಟದಲ್ಲಿ, ಅಂದರೆ 186ರ ಸುತ್ತ, ಒಂದು ಮೆಟ್ಟಿಲು ಹತ್ತಿ ಇಳಿದರೆ ಬೆಳಕು ಸರಾಸರಿಯ ಸುಮಾರು ಶೇ. 1.2ರಷ್ಟು ಬದಲಾಗುತ್ತದೆ. ಆ ಪರದೆ ತೋರಿಸಬಲ್ಲ ಅತಿ ಮಂದ ಪಟ್ಟೆಯ ಕಾಂಟ್ರಾಸ್ಟ್ (ಬಿಳಿ, ಕಪ್ಪು ಪಟ್ಟೆಗಳ ಬೆಳಕಿನ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದ ಪ್ರಮಾಣ) ಅಷ್ಟೇ. ಆರೋಗ್ಯವಂತ ಕಣ್ಣು ಡಿಗ್ರಿಗೆ 2ರಿಂದ 5 ಆವರ್ತದ (ನೋಟದ ಕೋನದ ಒಂದು ಡಿಗ್ರಿಯೊಳಗೆ ಅಷ್ಟು ಕಪ್ಪುಬಿಳುಪು ಜೋಡಿಯ) ಪಟ್ಟೆಗಳನ್ನು ಶೇ. 0.5 ಅಥವಾ ಅದಕ್ಕಿಂತ ಕಡಿಮೆ ಕಾಂಟ್ರಾಸ್ಟಿನಲ್ಲೂ ಗುರುತಿಸುತ್ತದೆ. ಅಳೆಯಬೇಕಾದ ವಸ್ತು ಅಳತೆಪಟ್ಟಿಯ ಮೊದಲ ಗೆರೆಗಿಂತ ಚಿಕ್ಕದಾದಂತೆ ಇದು. ಗಾಮಾ ಸರಿಪಡಿಸುವ ಕೋಷ್ಟಕವನ್ನು 8 ಬಿಟ್‌ನೊಳಗೇ ಹಾಕಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. 256 ಮೆಟ್ಟಿಲುಗಳಲ್ಲಿ ಸುಮಾರು 184 ಮಾತ್ರ ಬೇರೆ ಬೇರೆಯಾಗಿ ಉಳಿದು, ಮಿಕ್ಕವು ಒಂದರ ಮೇಲೊಂದು ಬೀಳುತ್ತವೆ.

ಸಿಆರ್‌ಟಿ (ಗಾಜಿನ ಕೊಳವೆಯ ಹಳೆಯ ಪರದೆ) ಕಾಲದಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ಕೆಂಪು, ಹಸಿರು, ನೀಲಿ ಮೂರು ಅನಲಾಗ್ ಸಂಕೇತಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ರೆಸಿಸ್ಟರುಗಳ ಮೂಲಕ ಕೂಡಿಸಿ ಒಂದೇ ನವಿರಾದ ಸಂಕೇತ ಮಾಡುವ ವಿಧಾನವನ್ನು ಪೆಲ್ಲಿ ಮತ್ತು ಝಾಂಗ್ 1991ರಲ್ಲಿ ಪ್ರಕಟಿಸಿದರು. ಇಂದಿನ ವಿಶೇಷ ಉಪಕರಣಗಳ ಬುಡದಲ್ಲಿರುವುದೂ ಇದೇ ಯೋಚನೆ: ಮೂರು ಬಣ್ಣಗಳ 24 ಬಿಟ್‌ಗಳನ್ನು ಬಣ್ಣಕ್ಕೆ ಖರ್ಚು ಮಾಡದೆ ಬೆಳಕಿನ ನಿಖರತೆಗೆ ಬಳಸಿಕೊಳ್ಳುವುದು.

ಕೇಂಬ್ರಿಜ್ ರಿಸರ್ಚ್ ಸಿಸ್ಟಮ್ಸ್‌ನ ಬಿಟ್ಸ್ ಪ್ಲಸ್ ಪ್ಲಸ್ ಪೆಟ್ಟಿಗೆ, ಅದರ ನಂತರದ ಬಿಟ್ಸ್ ಶಾರ್ಪ್, ಡಿಸ್‌ಪ್ಲೇ ಪ್ಲಸ್ ಪ್ಲಸ್ ಪರದೆ ಎಲ್ಲವೂ 14 ಬಿಟ್‌ನವು. ವಿಪಿಕ್ಸ್ ಕಂಪನಿಯ ಡೇಟಾಪಿಕ್ಸ್, ವ್ಯೂಪಿಕ್ಸ್ ಕೂಡ ಇದೇ ಬಗೆಯ ಕೆಲಸ ಮಾಡುತ್ತವೆ. 14 ಬಿಟ್ ಎಂದರೆ 16,384 ಮೆಟ್ಟಿಲು. ನಡುವಿನ ಬೂದಿನ ಸುತ್ತ ಒಂದು ಮೆಟ್ಟಿಲಿನ ಕಾಂಟ್ರಾಸ್ಟ್ ಶೇ. 0.012.

ಬಿಟ್ಸ್ ಪೆಟ್ಟಿಗೆಗಳ ಮೋಡ್‌ಗಳು ಮೂರು, ಆಯ್ಕೆ ಪ್ರಯೋಗಕ್ಕೆ ತಕ್ಕಂತೆ. ಮೋನೋ ಪ್ಲಸ್ ಪ್ಲಸ್ ಮೋಡ್‌ನಲ್ಲಿ ಕೆಂಪು ಚಾನೆಲ್ ಸಂಖ್ಯೆಯ ಮೇಲಿನ ಬೈಟನ್ನು, ಹಸಿರು ಕೆಳಗಿನ ಬೈಟನ್ನು ಹೊರುತ್ತದೆ. ನೀಲಿ ಚಾನೆಲ್ ಬಣ್ಣದ ಗುರುತು, ಅಕ್ಷರ ಮುಂತಾದವನ್ನು ಮೇಲೊಂದು ಪದರವಾಗಿ ತೋರಿಸಲು ಮೀಸಲು. ಕಲರ್ ಪ್ಲಸ್ ಪ್ಲಸ್‌ನಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಬಣ್ಣದ ನಿಖರತೆ ಸಿಗುತ್ತದೆ, ಆದರೆ ಅಡ್ಡಸಾಲಿನ 1920 ಪಿಕ್ಸೆಲ್ 960 ಆಗುತ್ತದೆ. ಬಿಟ್ಸ್ ಪ್ಲಸ್ ಪ್ಲಸ್ ಮೋಡ್‌ನಲ್ಲಿ 256 ಬಣ್ಣಗಳ ಕೋಷ್ಟಕವನ್ನೇ ಪ್ರತಿ ಫ್ರೇಮಿಗೂ ಬದಲಿಸಬಹುದು. ಆ ಕೋಷ್ಟಕ ಟಿ-ಲಾಕ್ ಎಂಬ ಸಂಕೇತದ ಜೊತೆ ಚಿತ್ರದ ಒಂದು ಸಾಲಿನೊಳಗೇ ಅಡಗಿ ಹೋಗುತ್ತದೆ. ಪಟ್ಟೆಗಳ ಕಾಂಟ್ರಾಸ್ಟ್ ಮಿತಿ ಅಳೆಯುವವರಿಗೆ ಹೇಳುವುದಾದರೆ, ಮೋನೋದಿಂದಲೇ ಆರಂಭಿಸಿ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹುಡುಕುವುದು ಅದರಲ್ಲೇ ಸುಲಭ.

ದಾರಿಯಲ್ಲಿ ಕೈ ಹಾಕುವವು

ಮಾಮೂಲಿ ಪರದೆಯಲ್ಲಿ ಕಾರ್ಡ್ 100ರ ಬದಲು 101 ಕಳಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೋನೋ ಮೋಡ್‌ನಲ್ಲಿ ಹಾಗಲ್ಲ. ಕೆಂಪು ಚಾನೆಲ್ಲಿನ ಅತಿ ಚಿಕ್ಕ ಬಿಟ್ ಇಲ್ಲಿ ಒಟ್ಟು ವ್ಯಾಪ್ತಿಯ 256ರಲ್ಲಿ ಒಂದು ಪಾಲಿಗೆ ಸಮ; ನಡುಬೂದಿನ ಮೇಲೆ ಅದು ಶೇ. 0.8ರ ಜಿಗಿತ. ಅಂದರೆ ಒಂದೇ ಒಂದು ಬಿಟ್ ಅತ್ತಿತ್ತ ಆದರೂ ಕಣ್ಣಿನ ಮಿತಿಗಿಂತ ದೊಡ್ಡ ಬೆಳಕಿನ ಕಲೆ ಪರದೆಯ ಮೇಲೆ ಮೂಡುತ್ತದೆ. ಆದ್ದರಿಂದ ಈ ಪೆಟ್ಟಿಗೆಗಳಿಗೆ ಬೇಕಾದದ್ದು ಒಂದೇ: ಪ್ರೋಗ್ರಾಂ ಬರೆದ 24 ಬಿಟ್‌ಗಳು ಒಂದೂ ಬದಲಾಗದೆ ಕೇಬಲ್ಲಿನ ಆಚೆ ತುದಿಗೆ ಬರಬೇಕು. ಕಷ್ಟವೆಲ್ಲ ಇರುವುದು ಇಲ್ಲೇ.

ಮೊದಲ ಶಂಕಿತ ಡಿದರಿಂಗ್. ಕಡಿಮೆ ಬಿಟ್‌ನ ಪ್ಯಾನೆಲ್‌ನಲ್ಲಿ ನವಿರಾದ ಬಣ್ಣದ ಭ್ರಮೆ ಹುಟ್ಟಿಸಲು ಗ್ರಾಫಿಕ್ಸ್ ಕಾರ್ಡ್ ಕೊನೆಯ ಬಿಟ್ಟನ್ನು ಫ್ರೇಮಿನಿಂದ ಫ್ರೇಮಿಗೆ, ಪಿಕ್ಸೆಲಿನಿಂದ ಪಿಕ್ಸೆಲಿಗೆ ಅದಲುಬದಲು ಮಾಡುತ್ತದೆ. ಇದರ ಲಕ್ಷಣ: ಏಕರೂಪದ ಬೂದು ಹಾಕಿದರೂ ಪರದೆಯ ಮೇಲೆ ನುಸಿ ಹರಿದಾಡಿದಂತೆ ಕಾಣುತ್ತದೆ. ಡ್ರೈವರಿನಲ್ಲಿ ಅದನ್ನು ನಿಲ್ಲಿಸಬೇಕು. ಕೆಲವು ಡ್ರೈವರುಗಳಲ್ಲಿ ಆ ಗುಂಡಿಯೇ ಇರುವುದಿಲ್ಲ. ಆಗ ಕಾರ್ಡ್ ಬದಲಿಸುವುದೊಂದೇ ದಾರಿ. ಪರದೆ ಕೊಳ್ಳುವ ಮೊದಲೇ ಕಾರ್ಡ್ ಯಾವುದೆಂದು ನಿಶ್ಚಯಿಸಿಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ.

ಎರಡನೆಯದು ಕಾರ್ಡಿನ ಗಾಮಾ ಕೋಷ್ಟಕ. ಆಪರೇಟಿಂಗ್ ಸಿಸ್ಟಂ ಬಣ್ಣದ ಪ್ರೊಫೈಲ್ ಒಂದನ್ನು ತಾನಾಗಿ ಅದರಲ್ಲಿ ತುಂಬಿರುತ್ತದೆ. ರಾತ್ರಿ ಹೊತ್ತು ಪರದೆಯನ್ನು ಹಳದಿಗೆ ತಿರುಗಿಸುವ ಸೌಲಭ್ಯವೂ ಅಲ್ಲೇ ಕೆಲಸ ಮಾಡುತ್ತದೆ. ಕೋಷ್ಟಕ ಬಂದದ್ದನ್ನು ಬಂದಂತೆ ಕಳಿಸಬೇಕು. ಒಳಗೆ 0, 1, 2 ಎಂದು ನೇರವಾಗಿ ತುಂಬಿದರೂ ಕೆಲವು ಕಾರ್ಡ್‌ಗಳಲ್ಲಿ ದಶಮಾಂಶದ ಪೂರ್ಣಾಂಕ ಮಾಡುವ ರೀತಿಯಿಂದ ಅಲ್ಲೊಂದು ಇಲ್ಲೊಂದು ಸಂಖ್ಯೆ ಪಕ್ಕಕ್ಕೆ ಸರಿಯುತ್ತದೆ. ದೃಷ್ಟಿ ಪ್ರಯೋಗಗಳ ತಂತ್ರಾಂಶವಾದ ಸೈಕ್‌ಟೂಲ್‌ಬಾಕ್ಸ್‌ನಲ್ಲಿ ಇದಕ್ಕೆಂದೇ ಬಿಟ್ಸ್‌ಪ್ಲಸ್‌ಐಡೆಂಟಿಟಿಕ್ಲಟ್‌ಟೆಸ್ಟ್ ಎಂಬ ಪರೀಕ್ಷೆಯಿದೆ. ಹೊಸ ಕಾರ್ಡ್, ಹೊಸ ಡ್ರೈವರ್, ಸಿಸ್ಟಂ ಅಪ್‌ಡೇಟ್, ಯಾವುದಾದರೂ ಬಂದ ದಿನ ಅದನ್ನು ಓಡಿಸಲೇಬೇಕು. ಬಿಟ್ಸ್ ಪ್ಲಸ್ ಪ್ಲಸ್ ಮೋಡ್‌ನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ: ಪರದೆಯ ಮೇಲ್ತುದಿಯಲ್ಲಿ ಬಣ್ಣಬಣ್ಣದ ಚುಕ್ಕೆಗಳ ಸಾಲು ಕಂಡರೆ ಪೆಟ್ಟಿಗೆ ಟಿ-ಲಾಕನ್ನು ಗುರುತಿಸಿಲ್ಲ, ಬಿಟ್‌ಗಳು ದಾರಿಯಲ್ಲಿ ಕೆಟ್ಟಿವೆ ಎಂದರ್ಥ.

ಮೂರನೆಯದು ಕೇಬಲ್. ಎಚ್‌ಡಿಎಂಐ ಮೂಲಕ ಹೋದಾಗ ಕಾರ್ಡ್ ಎದುರಿಗಿರುವುದನ್ನು ಟಿವಿ ಎಂದು ತಿಳಿದು 0–255ರ ವ್ಯಾಪ್ತಿಯನ್ನು 16–235ಕ್ಕೆ ಕುಗ್ಗಿಸಬಹುದು. ಡ್ರೈವರಿನಲ್ಲಿ ಪೂರ್ಣ ವ್ಯಾಪ್ತಿ, ಆರ್‌ಜಿಬಿ ಎಂದು ಆರಿಸಿ. ವೈಸಿಬಿಸಿಆರ್ 4:2:2 (ಎರಡು ಪಿಕ್ಸೆಲಿಗೆ ಒಂದೇ ಬಣ್ಣ ಕಳಿಸುವ ವಿಧಾನ) ಇದ್ದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆತು ಕಲರ್ ಪ್ಲಸ್ ಪ್ಲಸ್ ಮೋಡ್ ಪೂರ್ತಿ ಹಾಳಾಗುತ್ತದೆ. ಡಿವಿಐ ಇರುವ ಪೆಟ್ಟಿಗೆಯಾದರೆ ಲಿಂಕುಗಳ ಲೆಕ್ಕ ನೋಡಬೇಕು. ಸಿಂಗಲ್ ಲಿಂಕಿನ ಮಿತಿ 165 ಮೆಗಾಹರ್ಟ್ಸ್; 1920×1080 ಚಿತ್ರವನ್ನು 120 ಹರ್ಟ್ಸ್‌ನಲ್ಲಿ ಕಳಿಸಲು ಅದು ಸಾಲದು, ಡ್ಯುಯಲ್ ಲಿಂಕ್ ಬೇಕೇಬೇಕು. ಎಚ್‌ಡಿಎಂಐನಿಂದ ಡಿವಿಐಗೆ ಬದಲಿಸುವ ಚಿಕ್ಕ ಅಡಾಪ್ಟರುಗಳು ಸಿಂಗಲ್ ಲಿಂಕಿನವು. ಪಟ್ಟಿಯಲ್ಲಿ 120 ಹರ್ಟ್ಸ್ ಕಾಣದಿದ್ದರೆ ಪರದೆಯನ್ನು ದೂರುವ ಮೊದಲು ಅಡಾಪ್ಟರನ್ನು ನೋಡಿ. ಡಿಸ್‌ಪ್ಲೇಪೋರ್ಟಿನಿಂದ ಡ್ಯುಯಲ್ ಲಿಂಕಿಗೆ ಹೋಗಲು ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಸಕ್ರಿಯ ಅಡಾಪ್ಟರ್ ಬೇಕು.

ಇನ್ನು ರೆಸಲ್ಯೂಶನ್. ಪರದೆಯ ಸಹಜ ರೆಸಲ್ಯೂಶನ್ನಿಗೂ ಕಳಿಸುವ ಚಿತ್ರಕ್ಕೂ ಒಂದು ಪಿಕ್ಸೆಲಿನ ವ್ಯತ್ಯಾಸವೂ ಇರಬಾರದು. ಡೆಸ್ಕ್‌ಟಾಪ್ ಅಕ್ಷರಗಳನ್ನು ಶೇ. 125ಕ್ಕೆ ಹಿಗ್ಗಿಸುವ ಸೌಲಭ್ಯವನ್ನೂ 100ಕ್ಕೆ ತನ್ನಿ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಗೆರೆಗಳ ಚಿತ್ರ ಹಾಕಿ ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲಾದರೂ ಮಸುಕಾಗಿದೆಯೇ ಎಂದು ತಕ್ಷಣ ತಿಳಿಯುತ್ತದೆ.

ಪ್ಯಾನೆಲ್ ಎಂಬ ಕೊನೆಯ ಮೆಟ್ಟಿಲು

ಸಿಆರ್‌ಟಿಯಲ್ಲಿ ಪ್ರತಿ ಫ್ರೇಮ್ ಮಿಂಚಿ ಕೆಲವೇ ಮಿಲಿಸೆಕೆಂಡಿನಲ್ಲಿ ಆರುತ್ತಿತ್ತು. ಎಲ್‌ಸಿಡಿ ಹಾಗಲ್ಲ, ಮುಂದಿನ ಫ್ರೇಮ್ ಬರುವವರೆಗೆ ಹಿಡಿದೇ ಇರುತ್ತದೆ. ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸಿದಾಗ ಆ ಹಿಡಿತವೇ ರೆಟಿನಾದ ಮೇಲೆ ಮಸುಕಾಗುತ್ತದೆ. ಅದಲ್ಲದೆ ದ್ರವಹರಳು ಒಂದು ಬೂದಿನಿಂದ ಇನ್ನೊಂದಕ್ಕೆ ತಿರುಗಲು ಹೊತ್ತು ಬೇಕು. ಏರುವ ಹೊತ್ತು, ಇಳಿಯುವ ಹೊತ್ತು ಎರಡೂ ಒಂದೇ ಅಲ್ಲ. ಕಪ್ಪುಬಿಳುಪು ಪಟ್ಟೆಗಳನ್ನು ಫ್ರೇಮಿಗೊಮ್ಮೆ ತಿರುವುಮುರುವು ಮಾಡಿದರೆ ಸರಾಸರಿ ಬೆಳಕು ಹಿನ್ನೆಲೆಯ ಬೂದಿಗೆ ಸಮ ಇರಬೇಕು. ಎಲ್‌ಸಿಡಿಯಲ್ಲಿ ಅದು ತಪ್ಪುತ್ತದೆ. ನೋಡುವವರು ಪಟ್ಟೆಯನ್ನು ಕಂಡರೋ, ಪಟ್ಟೆಯಿದ್ದ ಜಾಗದ ಬೆಳಕಿನ ಬದಲಾವಣೆಯನ್ನು ಕಂಡರೋ ಎಂದು ಬೇರ್ಪಡಿಸಲಾಗದು. ಪ್ರಯೋಗದ ಅರ್ಥವನ್ನೇ ತಿನ್ನುವ ದೋಷವಿದು, ಆದ್ದರಿಂದ ಮಿನುಗುವ ಚಿತ್ರ ಬಳಸುವವರು ಮೊದಲು ಇದನ್ನೇ ಅಳೆಯಬೇಕು.

ಹೊಳಪು ತಗ್ಗಿಸಲು ಬಹಳಷ್ಟು ಮಾನಿಟರುಗಳು ಹಿಂಬದಿಯ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತವೆ. ಕಣ್ಣಿಗೆ ಕಾಣದು, ಫೋಟೋಡಯೋಡಿಗೆ ಕಾಣುತ್ತದೆ. ಫ್ರೇಮ್ ದರದೊಡನೆ ತಾಳ ಕೂಡದ ಇಂಥ ಮಿನುಗು ಅಲ್ಪಕಾಲದ ಚಿತ್ರಗಳ ಬೆಳಕನ್ನು ಪ್ರತಿ ಸಲ ಬೇರೆಯಾಗಿಸುತ್ತದೆ. ವ್ಯೂಪಿಕ್ಸ್‌ನಂಥ ಪ್ಯಾನೆಲ್‌ಗಳಲ್ಲಿ ದೀಪದ ಸಾಲುಗಳು ಸ್ಕ್ಯಾನಿನ ಹಿಂದೆಯೇ ಬರುತ್ತವೆ. ಆಯಾ ಸಾಲಿನ ಹರಳು ತಿರುಗಿ ನಿಂತ ಮೇಲಷ್ಟೇ ಅದರ ದೀಪ ಉರಿಯುತ್ತದೆ. ಬೆಲೆಯ ದೊಡ್ಡ ಪಾಲು ಹೋಗುವುದು ಇದಕ್ಕೇ, ಕೊಟ್ಟದ್ದಕ್ಕೆ ಬೆಲೆಯಿದೆ.

ಓಎಲ್ಇಡಿಯ ಕಪ್ಪು ನಿಜವಾದ ಕಪ್ಪು, ವೇಗವೂ ಉತ್ತಮ. ಆದರೆ ಪರದೆಯ ಹೆಚ್ಚು ಭಾಗ ಬಿಳಿಯಾದರೆ ತಾನಾಗಿ ಹೊಳಪು ಇಳಿಸುವ ವ್ಯವಸ್ಥೆ ಹಲವುಗಳಲ್ಲಿದೆ. ಚಿಕ್ಕ ಚೌಕದಲ್ಲಿ ಅಳೆದ ಗಾಮಾ ದೊಡ್ಡ ಚಿತ್ರಕ್ಕೆ ಹೊಂದುವುದಿಲ್ಲ. ಚೌಕದ ಗಾತ್ರವನ್ನು ಪರದೆಯ ಶೇ. 5ರಿಂದ 100ರವರೆಗೆ ಬದಲಿಸಿ ಬಿಳಿಯನ್ನು ಅಳೆದರೆ ಗುಟ್ಟು ಹೊರಬೀಳುತ್ತದೆ.

ಇನ್ನೂ ವೇಗ ಬೇಕಿದ್ದವರಿಗೆ ಪ್ರೊಪಿಕ್ಸ್ ಪ್ರೊಜೆಕ್ಟರ್ ಇದೆ. ಎಲ್ಇಡಿ ಬೆಳಕಿನ ಡಿಎಲ್‌ಪಿ (ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ) ಯಂತ್ರವದು. ಒಂದು 1920×1080 ಚಿತ್ರವನ್ನು 960×540ರ ನಾಲ್ಕು ಕಾಲುಭಾಗಗಳಾಗಿ ಒಡೆದು ಒಂದಾದ ಮೇಲೊಂದು ತೋರಿಸಿ ಬಣ್ಣದಲ್ಲಿ 480 ಹರ್ಟ್ಸ್, ಮೂರು ಬಣ್ಣದ ಚಾನೆಲ್ಲುಗಳನ್ನೂ ಬೇರೆ ಬೇರೆ ಫ್ರೇಮಾಗಿಸಿ ಬೂದಿನಲ್ಲಿ 1440 ಹರ್ಟ್ಸ್ ಕೊಡುತ್ತದೆ. ಇಲ್ಲಿ ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ತಿದ್ದುಪಡಿಯಂಥ ಯಾವುದನ್ನೂ ಬಳಸದೆ ಯಂತ್ರವನ್ನೇ ತೆರೆಗೆ ನೇರವಾಗಿ ನಿಲ್ಲಿಸಬೇಕು.

ಪ್ಯಾನೆಲ್ ಯಾವುದೇ ಇರಲಿ, ಅದರ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗುವ ಹೊಳಪು, ವಿದ್ಯುತ್ ಉಳಿತಾಯ, ಅಂಚು ಚೂಪಾಗಿಸುವ ಶಾರ್ಪ್‌ನೆಸ್ ಎಲ್ಲವನ್ನೂ ನಿಲ್ಲಿಸಿ. ಮೆನು ಗುಂಡಿಗಳ ಮೇಲೆ ಟೇಪ್ ಅಂಟಿಸಿಬಿಡಿ.

ಕೋಣೆ, ದೂರ

57 ಸೆಂಟಿಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಎಂದರೆ 1 ಡಿಗ್ರಿ. ನೆನಪಿಗೂ ಲೆಕ್ಕಕ್ಕೂ ಸುಲಭವೆಂದು ಬಹಳ ಜನ ಇದನ್ನೇ ಆರಿಸುತ್ತಾರೆ, ಆದರೆ ಪಿಕ್ಸೆಲ್ ಸಾಲುತ್ತವೆಯೇ ಎಂದು ನೋಡಿಕೊಳ್ಳಬೇಕು. 70 ಸೆಂಟಿಮೀಟರ್ ಅಗಲದಲ್ಲಿ 1920 ಪಿಕ್ಸೆಲ್ ಇದ್ದರೆ ಈ ದೂರದಲ್ಲಿ ಡಿಗ್ರಿಗೆ ಸುಮಾರು 27 ಪಿಕ್ಸೆಲ್. ಸೈದ್ಧಾಂತಿಕ ಮಿತಿಯೇ ಡಿಗ್ರಿಗೆ 13.7 ಆವರ್ತ, ಅಚ್ಚುಕಟ್ಟಾದ ಪಟ್ಟೆ ಬೇಕಿದ್ದರೆ ಅದರ ಅರ್ಧದಲ್ಲೇ ನಿಲ್ಲಬೇಕು. ಸೂಕ್ಷ್ಮ ಪಟ್ಟೆಗಳಿಗೆ 114 ಸೆಂಟಿಮೀಟರಿಗೆ ಹಿಂದೆ ಸರಿಯಿರಿ. ದೂರವನ್ನು ಕಣ್ಣಿನ ಹೊರಮೂಲೆಯಿಂದ ಪರದೆಯ ಮೇಲ್ಮೈವರೆಗೆ ಅಳೆಯಿರಿ. 57ರಲ್ಲಿ 2 ಸೆಂಟಿಮೀಟರ್ ತಪ್ಪಿದರೆ ಗಾತ್ರದಲ್ಲಿ ಶೇ. 3.5 ತಪ್ಪುತ್ತದೆ. ಗದ್ದ ಊರುವ ಸ್ಟ್ಯಾಂಡ್ ಮೇಜಿಗೆ ಬಿಗಿಯಾಗಿರಲಿ. ಪಿಕ್ಸೆಲಿನ ಗಾತ್ರಕ್ಕೆ ಕೈಪಿಡಿಯನ್ನು ನಂಬುವ ಬದಲು 1000 ಪಿಕ್ಸೆಲ್ ಉದ್ದದ ಗೆರೆ ಎಳೆದು ಉಕ್ಕಿನ ಅಳತೆಪಟ್ಟಿ ಇಡಿ, ಅಡ್ಡಕ್ಕೂ ಉದ್ದಕ್ಕೂ.

ಪರದೆಯ ಬಿಳಿ ಚದರ ಮೀಟರಿಗೆ 100 ಕ್ಯಾಂಡೆಲಾ, ಕಪ್ಪು 0.2 ಎನ್ನಿ. ಕೋಣೆಯ ದೀಪ ಗಾಜಿನ ಮೇಲೆ ಬಿದ್ದು 5 ಕ್ಯಾಂಡೆಲಾ ಸೇರಿಸಿದರೆ ಶೇ. 99.6 ಇದ್ದ ಗರಿಷ್ಠ ಕಾಂಟ್ರಾಸ್ಟ್ ಸುಮಾರು 90.6ಕ್ಕೆ ಇಳಿಯುತ್ತದೆ. ಗೋಡೆಗೆ, ಮೇಜಿಗೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಕಿ. ನೋಡುವವರ ಬಿಳಿ ಅಂಗಿಯೂ ಬೆಳಕನ್ನು ಹಿಂದಿರುಗಿಸುತ್ತದೆ.

ಗಾಮಾ ಅಳೆಯುವುದು

ಪರದೆಯನ್ನು ಕನಿಷ್ಠ ಅರ್ಧ ಗಂಟೆ ಉರಿಯಲು ಬಿಡಿ, ಒಂದು ಗಂಟೆಯಾದರೆ ಒಳ್ಳೆಯದು. ತಣ್ಣಗಿನ ಪರದೆಯ ಅಳತೆ ಆ ದಿನದ ಪ್ರಯೋಗಕ್ಕೇ ಹೊಂದುವುದಿಲ್ಲ. ಎಲ್‌ಎಸ್-100ರಂಥ ಮಾಪಕವನ್ನು ನೋಡುವವರ ಕಣ್ಣಿರುವ ಜಾಗದಲ್ಲೇ ಟ್ರೈಪಾಡಿನ ಮೇಲೆ ನಿಲ್ಲಿಸಿ, ಏಕೆಂದರೆ ಎಲ್‌ಸಿಡಿಯ ಬೆಳಕು ನೋಡುವ ಕೋನದೊಂದಿಗೆ ಬದಲಾಗುತ್ತದೆ. ಹಿನ್ನೆಲೆ ಪ್ರಯೋಗದ ಬೂದೇ ಇರಲಿ, ನಡುವೆ ಅಳೆಯುವ ಚೌಕ. 0ಯಿಂದ 255ರವರೆಗೆ 17 ಮಟ್ಟಗಳು, ಕೆಂಪು, ಹಸಿರು, ನೀಲಿ, ಬೂದು ನಾಲ್ಕಕ್ಕೂ ಬೇರೆ ಬೇರೆ. ಕ್ರಮವನ್ನು ಕಲಸಿ ಹಾಕಿ. ಏರುಕ್ರಮದಲ್ಲೇ ಹೋದರೆ ಪರದೆ ನಿಧಾನವಾಗಿ ಬಿಸಿಯಾಗುವುದೂ ಗಾಮಾದಂತೆಯೇ ಕಾಣುತ್ತದೆ. ಪ್ರತಿ ಮಟ್ಟಕ್ಕೂ ಮೂರು ಸಲ ಓದಿ ಸರಾಸರಿ ತೆಗೆಯಿರಿ.

ಸಿಆರ್‌ಟಿಗೆ ಒಂದು ಘಾತಸೂತ್ರ ಹೊಂದಿಸಿದರೆ ಸಾಕಾಗುತ್ತಿತ್ತು. ಎಲ್‌ಸಿಡಿಯ ವಕ್ರರೇಖೆ ಕಾರ್ಖಾನೆಯಲ್ಲಿ ಕೋಷ್ಟಕದಿಂದ ಮಾಡಿದ್ದು. ತುದಿಗಳಲ್ಲಿ ಸೂತ್ರಕ್ಕೆ ಬಗ್ಗುವುದಿಲ್ಲ. ಅಳೆದ ಬಿಂದುಗಳ ನಡುವೆ ನಯವಾದ ರೇಖೆ ಹಾಯಿಸಿ ಅದನ್ನೇ ತಿರುಗಿಸಿ ಬಳಸುವುದು ಮೇಲು. ತಿದ್ದುಪಡಿ ಹಾಕಿದ ಮೇಲೆ ಮೊದಲು ಅಳೆಯದ ಮಟ್ಟಗಳಲ್ಲಿ ಮತ್ತೊಮ್ಮೆ ಅಳೆದು ನೋಡಿ. ಈ ಎರಡನೆಯ ಅಳತೆಯನ್ನು ಬಿಡುವವರೇ ಹೆಚ್ಚು. ಬಿಡಬೇಡಿ, ಕೋಷ್ಟಕ ಎರಡು ಸಲ ಕೂತುಬಿಟ್ಟಿರುವ ತಪ್ಪು ಸಿಗುವುದು ಇದರಲ್ಲೇ.

ಬಣ್ಣಗಳ ಕೂಡಿಕೆಯನ್ನೂ ಪರೀಕ್ಷಿಸಿ. ಕೆಂಪು, ಹಸಿರು, ನೀಲಿ ಮೂರರ ಬೆಳಕನ್ನು ಕೂಡಿ, ಕಪ್ಪಿನ ಎರಡರಷ್ಟನ್ನು ಕಳೆದರೆ ಬಿಳಿಯ ಬೆಳಕು ಬರಬೇಕು. ಮೂರು ಅಳತೆಯಲ್ಲೂ ಕಪ್ಪಿನ ಸೋರಿಕೆ ಸೇರಿರುವುದರಿಂದ ಎರಡು ಪಾಲು ಹೆಚ್ಚುವರಿ. ಶೇ. 2–3ಕ್ಕಿಂತ ಹೆಚ್ಚು ತಪ್ಪಿದರೆ ಆ ಪರದೆಯಲ್ಲಿ ರೆಟಿನಾದಲ್ಲಿ ಬಣ್ಣ ಗ್ರಹಿಸುವ ಕೋನ್ ಕೋಶಗಳನ್ನು ಪ್ರತ್ಯೇಕಿಸುವ ಬಣ್ಣದ ಪ್ರಯೋಗಕ್ಕೆ ಕೈ ಹಾಕಬೇಡಿ. ಅಂಥ ಪ್ರಯೋಗಕ್ಕೆ ಮಾಪಕ ಸಾಲದು, 380ರಿಂದ 780 ನ್ಯಾನೋಮೀಟರ್‌ವರೆಗಿನ ರೋಹಿತವನ್ನೇ ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರ್ ಬೇಕು.

ಕೊನೆಗೆ ಪರದೆಯ ಒಂಬತ್ತು ಜಾಗಗಳಲ್ಲಿ ಬಿಳಿಯನ್ನು ಅಳೆಯಿರಿ. ಮೂಲೆಗಳು ನಡುವಿಗಿಂತ ಮಂಕಾಗಿದ್ದರೆ ಚಿತ್ರಗಳನ್ನು ಅಲ್ಲಿ ಇಡಬೇಡಿ.

ಎರಡು ಕಣ್ಣಿಗೆ ಎರಡು ಚಿತ್ರ

ಕನ್ನಡಿಗಳ ಸ್ಟೀರಿಯೋಸ್ಕೋಪ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ್ದು, ಇಂದಿಗೂ ಅದಕ್ಕಿಂತ ಶುದ್ಧವಾದದ್ದಿಲ್ಲ; ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರುವುದೇ ಇಲ್ಲ. ಕನ್ನಡಿಯ ಲೇಪನ ಮುಂಬದಿಯಲ್ಲಿರಬೇಕು. ಮನೆಯ ಕನ್ನಡಿಯಲ್ಲಿ ಗಾಜಿನ ಮೇಲ್ಮೈಯಿಂದಲೂ ಒಂದು ಮಂದ ಪ್ರತಿಬಿಂಬ ಬಂದು ಚಿತ್ರ ಜೋಡಿಯಾಗುತ್ತದೆ. ಧ್ರುವೀಕೃತ ಕನ್ನಡಕವಾದರೆ ಪ್ರೊಜೆಕ್ಟರಿಗೆ ಧ್ರುವೀಕರಣ ಕೆಡಿಸದ ಬೆಳ್ಳಿ ತೆರೆ ಬೇಕು. ಸೋರಿಕೆ ಅಳೆಯಲು ಮಾಪಕದ ಮುಂದೆ ಕನ್ನಡಕದ ಒಂದು ಮಸೂರ ಹಿಡಿದು, ಆ ಕಣ್ಣಿಗೆ ಕಪ್ಪು, ಇನ್ನೊಂದಕ್ಕೆ ಬಿಳಿ ಹಾಕಿ ಓದಿ. ಎರಡೂ ಕಪ್ಪಿದ್ದಾಗಿನ ಬೆಳಕನ್ನು ಅದರಿಂದ ಕಳೆದು, ಈ ಕಣ್ಣಿನ ಬಿಳಿಯಿಂದಲೂ ಅದನ್ನೇ ಕಳೆದು ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ.

ಕಾಲ

60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.67 ಮಿಲಿಸೆಕೆಂಡ್, 120ರಲ್ಲಿ 8.33. 30 ಮಿಲಿಸೆಕೆಂಡಿನ ಚಿತ್ರ ಎರಡರಲ್ಲೂ ಸಾಧ್ಯವಿಲ್ಲ. 100 ಹರ್ಟ್ಸ್‌ನಲ್ಲಿ ಮೂರು ಫ್ರೇಮಿಗೆ ಸರಿಹೊಂದುತ್ತದೆ. ಪ್ರಯೋಗದ ಅವಧಿಗಳನ್ನು ಫ್ರೇಮುಗಳಲ್ಲೇ ಯೋಚಿಸಿ, ಮಿಲಿಸೆಕೆಂಡಿಗೆ ಆಮೇಲೆ ತಿರುಗಿಸಿ. ಮುಂದಿನ ಚಿತ್ರವನ್ನು ಕೇಳುವಾಗ ಬೇಕಾದ ಹೊತ್ತಿಗಿಂತ ಅರ್ಧ ಫ್ರೇಮ್ ಮುಂಚೆ ಕೇಳಿ. ಸರಿಯಾಗಿ ಅದೇ ಕ್ಷಣಕ್ಕೆ ಕೇಳಿದರೆ ಕೂದಲೆಳೆಯ ತಡದಲ್ಲಿ ಒಂದು ಫ್ರೇಮ್ ತಪ್ಪಿಹೋಗುತ್ತದೆ.

ಸೈಕ್‌ಟೂಲ್‌ಬಾಕ್ಸ್ ಆಗಲಿ ಸೈಕೋಪೈ ಆಗಲಿ ಕೊಡುವ ಸಮಯಮುದ್ರೆ ಕಾರ್ಡ್ ಫ್ರೇಮ್ ಬದಲಿಸಿದ ಕ್ಷಣದ್ದು, ಬೆಳಕು ಹೊರಟ ಕ್ಷಣದ್ದಲ್ಲ. ಇವೆರಡರ ಅಂತರ ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಅಂತರವೇ ಪ್ರಯೋಗದಿಂದ ಪ್ರಯೋಗಕ್ಕೆ ಬದಲಾದರೆ ಪರಿಹಾರವಿಲ್ಲ, ಕಾರಣವನ್ನೇ ಹುಡುಕಬೇಕು. ಹೆಚ್ಚಾಗಿ ಅದು ಕಿಟಕಿಗಳನ್ನು ಜೋಡಿಸುವ ಡೆಸ್ಕ್‌ಟಾಪಿನ ಕಂಪೋಸಿಟರ್. ಚಿತ್ರ ಪೂರ್ಣಪರದೆಯಲ್ಲಿ ನೇರವಾಗಿ ಹೋಗದೆ ಅದರ ಕೈಗೆ ಸಿಕ್ಕಿರುತ್ತದೆ. ಎರಡು ಪರದೆಗಳಿಗೆ ಒಂದೇ ಚಿತ್ರ ಕಳಿಸುವ ಮಿರರ್ ವ್ಯವಸ್ಥೆಯೂ ಹೀಗೇ ಕೆಡಿಸುತ್ತದೆ: ಕಾರ್ಡ್ ಒಂದರ ತಾಳಕ್ಕೆ ಹೊಂದಿಕೊಂಡರೆ ಇನ್ನೊಂದು ತಪ್ಪುತ್ತದೆ. ಸಮಯದ ವಿಷಯದಲ್ಲಿ ಲಿನಕ್ಸ್ ಹೆಚ್ಚು ನಂಬಿಕೆಗೆ ಯೋಗ್ಯ.

ಅಳೆಯಲು ಓಪಿಟಿ101 ಚಿಪ್ ಸಾಕು. ಫೋಟೋಡಯೋಡ್, ಆಂಪ್ಲಿಫೈಯರ್, 1 ಮೆಗಾಓಮ್ ರೆಸಿಸ್ಟರ್ ಮೂರೂ ಒಳಗೇ ಇವೆ. 1ನೇ ಕಾಲಿಗೆ 5 ವೋಲ್ಟ್, 3 ಮತ್ತು 8ನೇ ಕಾಲುಗಳು ನೆಲಕ್ಕೆ, 4 ಮತ್ತು 5ನ್ನು ಒಂದಕ್ಕೊಂದು ಜೋಡಿಸಿ 5ರಿಂದ ಸಂಕೇತ ಪಡೆಯಿರಿ. 14 ಕಿಲೋಹರ್ಟ್ಸ್ ವೇಗ ಪರದೆಗೆ ಧಾರಾಳ. ಪರದೆ ತುಂಬ ಪ್ರಖರವಾಗಿದ್ದರೆ ಆಂಪ್ಲಿಫೈಯರ್ ಮೇಲ್ಮಿತಿಗೆ ತಾಗಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಮುಂದೆ ಮಸುಕು ಫಿಲ್ಟರ್ ಇಡಿ. ಪರದೆಯ ಮೇಲೆ, ನಡುವೆ, ಕೆಳಗೆ ಮೂರು ಕಡೆ ಇಟ್ಟು ಆಸಿಲೋಸ್ಕೋಪಿನಲ್ಲಿ ನೋಡಿ. ಮೇಲಿನಿಂದ ಕೆಳಗೆ ಸ್ಕ್ಯಾನ್ ಆಗುವುದರಿಂದ 120 ಹರ್ಟ್ಸ್‌ನಲ್ಲಿ ನಡುವಿನ ಬೆಳಕು ಮೇಲಿನದಕ್ಕಿಂತ ಸುಮಾರು 4 ಮಿಲಿಸೆಕೆಂಡ್ ತಡ. ಈ ವ್ಯತ್ಯಾಸ ಕಾಣದಿದ್ದರೆ ಪ್ಯಾನೆಲ್ ಇಡೀ ಫ್ರೇಮನ್ನು ಒಳಗೆ ಕೂಡಿಟ್ಟು ಒಮ್ಮೆಗೇ ಬೆಳಗುತ್ತಿದೆ, ಅದರ ತಡವನ್ನು ಬೇರೆಯಾಗಿ ಅಳೆಯಿರಿ.

ಡೇಟಾಪಿಕ್ಸ್‌ನಲ್ಲಿ ಪಿಕ್ಸೆಲ್ ಮೋಡ್ ಎಂಬ ಸೌಲಭ್ಯವಿದೆ: ಎಡಮೇಲಿನ ಮೊದಲ ಪಿಕ್ಸೆಲಿನ ಬಣ್ಣವೇ ಡಿಜಿಟಲ್ ಔಟ್‌ಪುಟ್ಟಿಗೆ ಹೋಗಿ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಯಂತ್ರಕ್ಕೆ ಟ್ರಿಗರ್ (ಹೊತ್ತು ಗುರುತಿಸುವ ಸಂಕೇತ) ಆಗುತ್ತದೆ. ಚಿತ್ರದೊಳಗೇ ಸಂಕೇತ ಇರುವುದರಿಂದ ಕಂಪ್ಯೂಟರಿನಲ್ಲಿ ಫ್ರೇಮ್ ತಪ್ಪಿದರೆ ಟ್ರಿಗರೂ ಅದರ ಜೊತೆಗೇ ತಡವಾಗುತ್ತದೆ. ಹಾಗಿದ್ದರೂ ಪೆಟ್ಟಿಗೆಯ ಆಚೆ ಪ್ಯಾನೆಲ್ಲಿನ ನಡವಳಿಕೆ ಅದಕ್ಕೆ ತಿಳಿಯದು. ಆದ್ದರಿಂದ ಪರದೆಯ ಒಂದು ಮೂಲೆಯಲ್ಲಿ, ನೋಡುವವರಿಗೆ ಕಾಣದಂತೆ ಕಪ್ಪು ಟೇಪಿನಡಿ, ಫೋಟೋಡಯೋಡ್ ಶಾಶ್ವತವಾಗಿ ಅಂಟಿರಲಿ. ಪ್ರತಿ ಚಿತ್ರದ ಜೊತೆ ಆ ಮೂಲೆಯಲ್ಲಿ ಒಂದು ಬಿಳಿ ಚೌಕ ಬರಲಿ. ಅದರ ಸಂಕೇತ ಇಇಜಿಯ ಹೆಚ್ಚುವರಿ ಚಾನೆಲ್ಲಿನಲ್ಲಿ ಪ್ರತಿ ಪ್ರಯೋಗಕ್ಕೂ ದಾಖಲಾಗಲಿ. ಆಗ ಸರ್ಕ್ಯೂಟಿಗೆ ಗೋಡೆಯ ವಿದ್ಯುತ್ ಕೊಡಬೇಡಿ, ಬ್ಯಾಟರಿ ಮಾತ್ರ: ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು ಕೂತವರು ಆ ತಂತಿಯ ಇನ್ನೊಂದು ತುದಿಯಲ್ಲಿದ್ದಾರೆ.